ಅಪ್ಪನ ಮೂಗು ಮತ್ತು ಭಾವನ ನೀರಿನ ಸೆಂಟು

ನಮ್ಮೂರಿನ ಹಾಲಿನ ಡೈರಿಯಲ್ಲಿ ಅಪ್ಪ ಟೆಸ್ಟರ್ ಆಗಿದ್ದರು. ಊರು ಪಾಂಡವಪುರ ತಾಲ್ಲೂಕಿನದು, ತೊಣ್ಣೂರು ಕೆರೆಯಿಂದ ಸೈಕಲ್ ತುಳಿದರೆ ಅರ್ಧ ಗಂಟೆ. ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ಊರಿನವರೆಲ್ಲ ಚೊಂಬು, ಕ್ಯಾನು ಹಿಡಿದು ಡೈರಿಯ ಮುಂದೆ ಸಾಲು ನಿಲ್ಲುತ್ತಿದ್ದರು. ಅಪ್ಪ ಒಬ್ಬೊಬ್ಬರ ಪಾತ್ರೆಯ ಮುಚ್ಚಳ ತೆಗೆದು, ಬಗ್ಗಿ, ಮೂರು ಸಲ ಮೂಸುತ್ತಿದ್ದರು. ಮೂರನೆಯದು ಮುಗಿದೊಡನೆ ತೀರ್ಪು. "ಉಯ್ಯಿ" ಎಂದರೆ ಹಾಲು ದೊಡ್ಡ ಕ್ಯಾನಿಗೆ, "ತಗಂಡೋಗು" ಎಂದರೆ ವಾಪಸ್ ಮನೆಗೆ. ನೀರು ಬೆರೆತಿದೆಯೇ ಎಂದು ನೋಡುವ ಲ್ಯಾಕ್ಟೋಮೀಟರು ಪಕ್ಕದಲ್ಲೇ ಇತ್ತು. ಆದರೆ ಅಪ್ಪ ಅದನ್ನು ಹಾಲಿಗೆ ಇಳಿಬಿಡುತ್ತಿದ್ದುದು ಮೂಸಿ ಆದಮೇಲೆ, ತಕರಾರು ಮಾಡುವವರ ಬಾಯಿ ಮುಚ್ಚಿಸಲು. ಅವರ ಮಟ್ಟಿಗೆ ಆ ಗಾಜಿನ ಕೊಳವೆ ಅವರ ಮೂಗಿನ ಅಸಿಸ್ಟೆಂಟು.

ನಿನ್ನೆ ಸಂಜೆಯ ಹಾಲನ್ನು ಬೆಳಗಿನದಕ್ಕೆ ಸೇರಿಸಿದರೆ ಅವರಿಗೆ ಗೊತ್ತಾಗುತ್ತಿತ್ತು. ಹಸು ಬೇವಿನ ಸೊಪ್ಪಿಗೆ ಬಾಯಿ ಹಾಕಿದ್ದರೆ ಗೊತ್ತಾಗುತ್ತಿತ್ತು. ಪಾತ್ರೆಯನ್ನು ಬಟ್ಟೆ ಸೋಪಿನಲ್ಲಿ ತೊಳೆದಿದ್ದರಂತೂ ಮುಚ್ಚಳ ತೆಗೆಯುವ ಮೊದಲೇ ಗೊತ್ತಾಗುತ್ತಿತ್ತು. "ನೀರು ಬಿದ್ದ ಹಾಲ್ಗೆ ಒಂದು ತಣ್ಣನೆ ವಾಸ್ನೆ ಇರ್ತದೆ ಕಣ್ಲಾ" ಎಂದು ನನಗೂ ಕಲಿಸಲು ನೋಡುತ್ತಿದ್ದರು. ನಾನು ಮೂಸಿದರೆ ಹಾಲು ಹಾಲಿನ ಹಾಗೆ ವಾಸನೆ ಬರುತ್ತಿತ್ತು, ಅಷ್ಟೇ. ಒಂದು ಸಲ ನಮ್ಮ ಮನೆಯ ಹಾಲಿಗೇ "ತಗಂಡೋಗು" ಎಂದುಬಿಟ್ಟರು. ಅವ್ವ ತೊಳೆದ ಕ್ಯಾನನ್ನು ಸರಿಯಾಗಿ ಬಸಿದಿರಲಿಲ್ಲ, ತಳದಲ್ಲಿ ಒಂದೆರಡು ಗುಟುಕು ನೀರು ಉಳಿದಿತ್ತು. ಸಾಲಿನಲ್ಲಿದ್ದ ಹೆಂಗಸರೆಲ್ಲರ ಮುಂದೆ ಅವ್ವ ಕ್ಯಾನು ಎತ್ತಿಕೊಂಡು ಮನೆಗೆ ಬಂದಳು. ಆಮೇಲೆ ಎಂಟು ದಿನ ಅಪ್ಪನಿಗೆ ಹಾಲಿಲ್ಲದ ಕಾಫಿ.

ಈ ಮೂಗು ನನ್ನ ಅಕ್ಕನ ಮದುವೆಯನ್ನೂ ಬಿಡಲಿಲ್ಲ. ಗಂಡಿನ ಕಡೆಯವರು ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆಯವರು. ಮದುವೆಯ ಹಿಂದಿನ ದಿನ ಗಂಡಿನ ಚಿಕ್ಕಪ್ಪ ಪಾಯಸಕ್ಕೆಂದು ಪ್ರೀತಿಯಿಂದ ಎರಡು ಕ್ಯಾನು ಹಾಲು ತಂದು ಅಡುಗೆಯವರ ಮುಂದೆ ಇಳಿಸಿದರು. ಅಪ್ಪ ಅಭ್ಯಾಸಬಲದಿಂದ ಮುಚ್ಚಳ ತೆಗೆದು, ಬಗ್ಗಿ, ಮೂರು ಸಲ ಮೂಸಿ, "ತಗಂಡೋಗಿ" ಎಂದರು. ಬೀಗರಾದ್ದರಿಂದ "ತಗಂಡೋಗು" ಎನ್ನಲಿಲ್ಲ, ಅಷ್ಟೇ ಅವರು ಮಾಡಿದ ರಿಯಾಯಿತಿ. ಯಾರೋ ಹಿರಿಯರು ನಡುವೆ ಬಂದು, ದಾರಿಯಲ್ಲಿ ಮಳೆ ಬಂದು ಕ್ಯಾನಿಗೆ ನೀರು ಬಿದ್ದಿರಬಹುದು ಎಂದು ಸಮಾಧಾನ ಹೇಳಿದರು. ಅದು ಮಳೆಗಾಲವಾಗಿರಲಿಲ್ಲ. ಮದುವೆ ಹೇಗೋ ನಡೆಯಿತು. ಆದರೆ ಗಂಡಿನ ಕಡೆಯವರು ಅವತ್ತು ಪಾಯಸ ಮುಟ್ಟಲಿಲ್ಲ. ಅಂದಿನಿಂದ ಭಾವ ನಾಲ್ಕು ಜನ ಸೇರಿದ ಕಡೆಯೆಲ್ಲ ಒಂದು ಮಾತು ಹೇಳುತ್ತಿದ್ದರು. "ನಮ್ಮಾವ ದೇವ್ರು ಬಂದು ಕೇಳಿದ್ರೂ ಸುಳ್ಳೇಳಕ್ಕಿಲ್ಲ." ಅದು ಹೊಗಳಿಕೆಯೋ ದೂರೋ ಎಂದು ನಮಗೆ ಯಾರಿಗೂ ಖಚಿತವಾಗಿ ಗೊತ್ತಾಗಲಿಲ್ಲ.

ಭಾವ ನಾಗಮಂಗಲದ ಒಂದು ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಗಂಜಿ ಹಾಕಿದ ಷರಟು, ಜೇಬಿನಲ್ಲಿ ಎರಡು ಪೆನ್ನು, ಬಲು ಬೇಗ ಮುನಿಸು. ಮದುವೆಯಾದ ಮೊದಲ ದೀಪಾವಳಿಗೆ ಅಕ್ಕನ ಜೊತೆ ನಮ್ಮ ಮನೆಗೆ ಬಂದಾಗ ಅವರ ಜೊತೆ ಒಂದು ಸೆಂಟಿನ ಬಾಟಲಿಯೂ ಬಂತು. ತೊಂಬತ್ತರ ದಶಕ ಅರ್ಧ ದಾಟಿತ್ತು, ಆದರೂ ನಮ್ಮೂರಲ್ಲಿ ಸೆಂಟು ಎಂದರೆ ಮದುವೆ ಮನೆಯಲ್ಲಿ ಕೈಗೆ ಸವರುವ ಮಲ್ಲಿಗೆಯದೋ ಗುಲಾಬಿಯದೋ ಎಣ್ಣೆ. ಇದು ಬೇರೆ. ದಪ್ಪ ಗಾಜಿನ ಬಾಟಲಿ, ಒಳಗೆ ತಿಳಿಯಾದ, ನೀಲಿಯೂ ಅಲ್ಲದ ಹಸಿರೂ ಅಲ್ಲದ ನೀರು. ಮೂತಿ ಒತ್ತಿದರೆ ಪುಸ್ ಎಂದು ತುಂತುರು. ಹಡಗಿನಲ್ಲಿ ಕೆಲಸ ಮಾಡುವ ಸ್ನೇಹಿತನೊಬ್ಬ ಭಾವನಿಗೆ ಮದುವೆಯ ಉಡುಗೊರೆಯಾಗಿ ಕೊಟ್ಟದ್ದಂತೆ.

"ಇದು ಸಮುದ್ರದ ನೀರಿನ ವಾಸ್ನೆ. ಫಾರಿನ್ನಲ್ಲಿ ಗಂಡಸರೆಲ್ಲ ಇದ್ನೇ ಆಕದು" ಎಂದು ಭಾವ ಹೇಳಿದರು. ನಮ್ಮ ಮನೆಯಲ್ಲಿ ಯಾರೂ ಸಮುದ್ರ ಕಂಡವರಲ್ಲ, ಆದ್ದರಿಂದ ಯಾರೂ ಎದುರು ಹೇಳಲಿಲ್ಲ. ನನಗೆ ಅದರಲ್ಲಿ ನಿಂಬೆ ಸಿಪ್ಪೆ ಸಿಕ್ಕಿತು, ಒದ್ದೆ ಕಲ್ಲು ಸಿಕ್ಕಿತು, ಆಗತಾನೆ ಒಗೆದು ಹಿಂಡಿದ ಪಂಚೆ ಸಿಕ್ಕಿತು. ಅದಕ್ಕಿಂತ ಚೆನ್ನಾದ ವಾಸನೆಯನ್ನು ನಾನು ಅದುವರೆಗೆ ಮೂಸಿರಲಿಲ್ಲ. ಅಪ್ಪ ಮಾತ್ರ ಅಡುಗೆಮನೆಗೆ ಬಂದು ಅವ್ವನ ಕಿವಿಯ ಹತ್ತಿರ ಹೇಳಿದರು. "ಅಳೀಮಯ್ಯನ ಮೈಯಿಂದ ನೀರು ಬೆರೆತ ವಾಸ್ನೆ ಬತ್ತದೆ."

"ಸುಮ್ಕಿರಿ. ಅದು ಸೆಂಟು" ಎಂದಳು ಅವ್ವ.

"ನೀರಿನ ವಾಸ್ನೆಗೆ ದುಡ್ಡು ಕೊಡ್ತಾರಾ?"

"ಕೊಡ್ತಾರೆ. ನೀವು ಮದ್ವೆಲಿ ಮೂಸಿದ್ದೇ ಸಾಕು. ಇನ್ನು ಅಳೀಮಯ್ಯನ್ನೂ ಮೂಸ್ಬ್ಯಾಡಿ."

ಮೂರನೆಯ ದಿನ ಅಕ್ಕ ಭಾವ ಹೊರಟರು. ಚೀಲಕ್ಕೆ ಎಲ್ಲವನ್ನೂ ತುಂಬಿದವಳು ಅಕ್ಕ. ಬಾಟಲಿ ಕನ್ನಡಿಯ ಪಕ್ಕದ ಗೂಡಿನಲ್ಲೇ ಉಳಿಯಿತು. ವಾರದ ನಂತರ ಭಾವನಿಂದ ಒಂದು ಕಾಗದ ಬಂತು. ಎಲ್ಲರೂ ಕ್ಷೇಮ ಎಂಬುದು ಒಂದು ಸಾಲು, ಉಳಿದದ್ದೆಲ್ಲ ಬಾಟಲಿಯ ವಿಚಾರ. ಅದನ್ನು ಯಾರ ಕೈಲೂ ಕಳಿಸಬಾರದು, ಬಸ್ಸಿನ ಕುಲುಕಾಟಕ್ಕೆ ಒಡೆದುಹೋಗುತ್ತದೆ. ಬಿಸಿಲು ತಾಕಬಾರದು. ಯುಗಾದಿಗೆ ಬಂದಾಗ ತಾವೇ ಬಂದು ತೆಗೆದುಕೊಳ್ಳುವರು. ಅಲ್ಲಿಯವರೆಗೆ ಭದ್ರವಾಗಿ ನೋಡಿಕೊಳ್ಳತಕ್ಕದ್ದು. ಆಫೀಸಿನ ಗುಮಾಸ್ತರು ಬರೆದ ಕಾಗದವೆಂದು ಆ "ತಕ್ಕದ್ದು" ನೋಡಿದರೆ ಗೊತ್ತಾಗುತ್ತಿತ್ತು. ಓದಿ ಹೇಳಿದವನು ನಾನೇ, ಭದ್ರವಾಗಿ ನೋಡಿಕೊಳ್ಳುವ ಹೊಣೆ ಹೊತ್ತವನೂ ನಾನೇ.

ನಾನಾಗ ಪಾಂಡವಪುರದಲ್ಲಿ ಡಿಗ್ರಿ ಓದುತ್ತಿದ್ದೆ. ಬೆಳಿಗ್ಗೆ ಡೈರಿಯಲ್ಲಿ ಅಪ್ಪನ ಜೊತೆ ಕ್ಯಾನು ಎತ್ತಿ, ಕೈಕಾಲು ತೊಳೆದು, ಓಡಿಹೋಗಿ ಬಸ್ಸು ಹಿಡಿಯಬೇಕು. ಎಷ್ಟು ತೊಳೆದರೂ ಹಾಲಿನ ವಾಸನೆ ಹೋಗುತ್ತಿರಲಿಲ್ಲ. ಬಿಸಿಲೇರಿದಂತೆ ಅದು ಹುಳಿಗೆ ತಿರುಗುತ್ತಿತ್ತು. ನಾನು ಬಸ್ಸು ಹತ್ತಿದರೆ ಹಿಂದಿನ ಸೀಟಿನ ಗೆಳೆಯರು "ಡೈರಿ ಬಂತು, ಚೊಂಬು ಹಿಡೀರ್ಲಾ" ಎನ್ನುತ್ತಿದ್ದರು. ಬಸ್ಸಿನಲ್ಲಿ ಹುಡುಗಿಯರಿದ್ದರು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಬೆಳಿಗ್ಗೆ ಬಾಟಲಿಯನ್ನು ಪುಸ್ತಕದ ಚೀಲದಲ್ಲಿಟ್ಟುಕೊಂಡು ಹೋಗಿ, ಬಸ್ ಸ್ಟ್ಯಾಂಡಿನ ಹಿಂದೆ ನಿಂತು ಒಂದೇ ಒಂದು ಪುಸ್ ಹಾಕಿಕೊಂಡೆ. ಅವತ್ತು ಯಾರೂ ಡೈರಿ ಬಂತು ಎನ್ನಲಿಲ್ಲ. ಕಿಟಕಿಯ ಪಕ್ಕ ಕೂತಿದ್ದ ಅಜ್ಜಿಯೊಬ್ಬರು ಮೂಗರಳಿಸಿ, ಆಕಾಶ ನೋಡಿ, "ಎಲ್ಲೋ ಮಳೆ ಉಯ್ತಾ ಅದೆ" ಎಂದು ಕಿಟಕಿಯ ಶಟರ್ ಇಳಿಸಿದರು. ಮಾರನೆಯ ದಿನ ಎರಡು ಪುಸ್. ಅದಾದ ಮೇಲೆ ನಾನು ಲೆಕ್ಕ ಇಡುವುದನ್ನು ಬಿಟ್ಟೆ. ಅಪ್ಪನ ಮೂಗಿಗೆ ಸಿಕ್ಕಬಾರದೆಂದು ಕ್ಯಾನಿನ ಕೆಲಸ ಮುಗಿದ ಮೇಲಷ್ಟೇ ಹಾಕಿಕೊಳ್ಳುತ್ತಿದ್ದೆ, ಸಂಜೆ ಮನೆಗೆ ಬಂದವನೇ ಷರಟು ನೆನೆಹಾಕುತ್ತಿದ್ದೆ. ನಾನು ಬಲು ಜಾಣ ಎಂದುಕೊಂಡಿದ್ದೆ.

ಸಂಕ್ರಾಂತಿ ಬರುವ ಹೊತ್ತಿಗೆ ಬಾಟಲಿಯ ತಳದಲ್ಲಿ ಒಂದು ಬೆರಳಿನಷ್ಟು ಮಾತ್ರ ಉಳಿದಿತ್ತು. ಆ ಸಂಕ್ರಾಂತಿಗೆ ಎಳ್ಳುಬೆಲ್ಲ, ಕಬ್ಬು, ಸೀರೆ ಹೊತ್ತು ಬಿಂಡಿಗನವಿಲೆಗೆ ಹೋದೆ. ನಮ್ಮ ಕಡೆ ನಾಲೆಯ ನೀರು, ಎಲ್ಲಿ ನೋಡಿದರೂ ಹಸಿರು. ಅವರ ಕಡೆ ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಕುರಿ. ಭಾವನ ಮನೆಯ ಗೋಡೆಗೆ ಹೊಂದಿಕೊಂಡೇ ಕುರಿದೊಡ್ಡಿ ಇತ್ತು. ಒಳಗೆ ಕಾಲಿಟ್ಟರೆ ಕುರಿ, ಊಟಕ್ಕೆ ಕೂತರೆ ಕುರಿ, ಹೊದ್ದುಕೊಂಡರೂ ಕುರಿ. ಭಾವನ ಆಫೀಸಿನ ಷರಟುಗಳು ಮಾತ್ರ ನಡುಮನೆಯ ತೊಲೆಗೆ ನೇತು ಬಿದ್ದಿದ್ದವು, ಒಂದೊಂದಕ್ಕೂ ಪ್ಲಾಸ್ಟಿಕ್ ಕವರು ಸುತ್ತಿ, ಬಾಯಿಗೆ ದಾರ ಕಟ್ಟಿ.

ಹಿತ್ತಲಲ್ಲಿ ಪಾತ್ರೆ ಬೆಳಗುತ್ತ ಅಕ್ಕ ದನಿ ತಗ್ಗಿಸಿ ಕೇಳಿದಳು. "ಬಾಟ್ಲಿ ಉಸಾರಾಗದಾ?"

"ಅದೆ" ಎಂದೆ.

"ಆಪೀಸಲ್ಲಿ ಇವ್ರು ಬಂದೇಟ್ಗೆ ಅದ್ಯಾರೋ ಬ್ಯಾ ಅಂತ ಕೂಗ್ತಾರಂತೆ ಕಣ್ಲಾ. ಅದ್ಕೇಯ ಆ ಸೆಂಟು ಅಂದ್ರೆ ಪ್ರಾಣ. ನಾನು ಮರ್ತು ಬುಟ್‌ಬಂದೆ ಅಂತ ಹದಿನೈದು ದಿನ ಮಾತೇ ಆಡ್ಲಿಲ್ಲ. ಯುಗಾದಿಗೆ ಸಿಕ್ತದೆ, ಒಂದು ತೊಟ್ಟೂ ಎಲ್ಲೂ ಓಗಿರಕ್ಕಿಲ್ಲ ಅಂತ ಆಣೆ ಇಟ್ಟು ಸಮಾಧಾನ ಮಾಡಿವ್ನಿ." ಅಷ್ಟು ಹೇಳಿ ಬೂದಿ ಹತ್ತಿದ ಕೈಯಿಂದಲೇ ನನ್ನ ಬೆನ್ನಿಗೊಂದು ಗುದ್ದಿದಳು. "ನಮ್ಮನೇಲಿ ನೀನಿದ್ದೀಯ ಅಂತ ಧೈರ್ಯ."

ಬಸ್ಸಿನಲ್ಲಿ ನಾನು ಡೈರಿ, ಆಫೀಸಿನಲ್ಲಿ ಅವರು ಬ್ಯಾ. ಒಬ್ಬ ನಾಚಿಕೆ ಮುಚ್ಚಿಕೊಳ್ಳಲು ಇಟ್ಟುಕೊಂಡಿದ್ದ ಸೆಂಟನ್ನು ಇನ್ನೊಬ್ಬ ಪುಸ್ ಪುಸ್ ಎಂದು ಖಾಲಿ ಮಾಡಿದ್ದ. ಬೈಗುಳ ಬೀಳುವುದು ನನಗಾಗಿದ್ದರೆ ತಿಂದುಕೊಳ್ಳುತ್ತಿದ್ದೆ. ಅದು ಬೀಳುವುದು ಆಣೆ ಇಟ್ಟ ಅಕ್ಕನ ತಲೆಯ ಮೇಲೆ. ಯುಗಾದಿಗೆ ಇನ್ನು ಎರಡು ತಿಂಗಳು ಚಿಲ್ಲರೆ ಇತ್ತು.

ಊರಿಗೆ ಬಂದವನು ಮೊದಲು ಮಾಡಿದ ಕೆಲಸವನ್ನು ಟೆಸ್ಟರನ ಮಗನಾಗಿ ಹೇಳಿಕೊಳ್ಳಲು ಇವತ್ತಿಗೂ ನಾಚಿಕೆಯಾಗುತ್ತದೆ. ಬಾಟಲಿಗೆ ನೀರು ಬೆರೆಸಿದೆ. ನೀರಿನ ವಾಸನೆಯ ಸೆಂಟಿಗೆ ನೀರು ಹಾಕಿದರೆ ಏನು ಕೆಡುತ್ತದೆ ಎಂಬುದು ನನ್ನ ಲೆಕ್ಕ. ಪುಣ್ಯಕ್ಕೆ, ಅಥವಾ ಪಾಪಕ್ಕೆ, ಅದರ ಮೂತಿ ತಿರುಗಿಸಿದರೆ ಬಿಚ್ಚುತ್ತಿತ್ತು. ಆದರೂ ಅಪ್ಪನ ಜೊತೆ ಕೆಲಸ ಮಾಡಿದ ಒಂದು ಶಿಸ್ತು ಕೈಯಲ್ಲಿ ಉಳಿದಿತ್ತು. ಡೈರಿಯಲ್ಲಿ ಹಾಲು ಒಂದಕ್ಕೊಂದು ಸೇರುವ ಮೊದಲು ಸ್ಯಾಂಪಲ್ ತೆಗೆದಿಡಬೇಕು. ಆದ್ದರಿಂದ ಮೊದಲು ಕರ್ಚೀಫಿನ ಮೇಲೆ ನಾಲ್ಕು ಪುಸ್ ಹಾಕಿ, ಅದನ್ನು ಡೈರಿಯ ಹಳೆಯ ಸ್ಯಾಂಪಲ್ ಬಾಟಲಿಗೆ ತುರುಕಿ, ರಬ್ಬರ್ ಬಿರಟೆ ಒತ್ತಿ ಮುಚ್ಚಿದೆ. ಆಮೇಲೆ ನೀರು ಸುರಿದೆ.

ಬಾಟಲಿಯೊಳಗಿನದು ನನ್ನ ಕಣ್ಣೆದುರಿಗೇ ಬೆಳ್ಳಗಾಯಿತು. ಮೊದಲು ಮಂಜು ಮುಸುಕಿದ ಹಾಗೆ, ಆಮೇಲೆ ಅಕ್ಕಿ ತೊಳೆದ ನೀರಿನ ಹಾಗೆ, ಕೊನೆಗೆ ಹಾಲಿನ ಹಾಗೆ. ಊರಿನವರೆಲ್ಲ ಹಾಲನ್ನು ನೀರು ಮಾಡಿ ಸಿಕ್ಕಿಬೀಳುತ್ತಿದ್ದರು, ನಾನು ನೀರನ್ನು ಹಾಲು ಮಾಡಿ ಕೂತಿದ್ದೆ. ತಿಳಿಯಾಗಬಹುದೆಂದು ಒಂದು ದಿನ ಅಲುಗಿಸದೆ ಇಟ್ಟೆ. ಮಾರನೆಯ ದಿನ ಮೇಲೆ ಕೆನೆ ಕಟ್ಟಿದೆಯೇ ಎಂದೂ ನೋಡಿದೆ. ಕಟ್ಟಿರಲಿಲ್ಲ. ಅದನ್ನು ಬಚ್ಚಲಿಗೆ ಚೆಲ್ಲಿದಾಗ ಎರಡು ದಿನ ನಮ್ಮ ಬಚ್ಚಲಿಂದ ಫಾರಿನ್ನಿನ ವಾಸನೆ ಬಂತು.

ಈಗ ಉಳಿದ ದಾರಿ ಒಂದೇ. ಅದೇ ವಾಸನೆಯ, ನನ್ನ ಜೇಬಿಗೆ ಎಟುಕುವ ಬೇರೆ ಯಾವುದನ್ನಾದರೂ ಹುಡುಕಿ ತುಂಬಿಸಿಡುವುದು. ಸ್ಯಾಂಪಲ್ ಬಾಟಲಿಯನ್ನು ಜೇಬಿಗಿಳಿಸಿಕೊಂಡು ಮೊದಲು ಪಾಂಡವಪುರದ ಒಂದು ಫ್ಯಾನ್ಸಿ ಸ್ಟೋರಿಗೆ ಹೋದೆ. ಬಳೆ, ರಿಬ್ಬನ್ನು, ಸ್ನೋ, ಪೌಡರಿನ ನಡುವೆ ಕೂತಿದ್ದ ಅಂಗಡಿಯವರಿಗೆ ವಾಸನೆಗಿಂತ ಬಣ್ಣದ ಮೇಲೆ ಹೆಚ್ಚು ನಂಬಿಕೆ.

"ಸಮುದ್ರದ್ದು ತಾನೆ? ತಗಳಿ, ನೀಲಿ" ಎಂದು ಒಂದು ಬಾಟಲಿ ಮುಂದಿಟ್ಟರು.

"ವಾಸ್ನೆ ಹಿಂಗೇ ಇರ್ತದಾ?" ಎಂದು ಕರ್ಚೀಫು ತೋರಿಸಿದೆ. ಅವರು ಅದನ್ನು ಮೂಸಲಿಲ್ಲ, ದೂರದಿಂದಲೇ ನೋಡಿದರು.

"ಇದ್ರಲ್ಲೂ ನೀರೇ ಇರದು. ಬೇಕಾರೆ ಅಲ್ಲಾಡ್ಸಿ ನೋಡಿ."

ಅಲ್ಲಾಡಿಸಿದರೆ ಅದು ನಿಜವಾಗಿಯೂ ನೀರಿನ ಹಾಗೇ ಅಲ್ಲಾಡಿತು. ಕೊಂಡುಕೊಂಡೆ. ಮನೆಗೆ ಬಂದು ಬನಿಯನ್ನಿಗೆ ಹಾಕಿಕೊಂಡರೆ ಅಪ್ಪಟ ಟೂತ್‌ಪೇಸ್ಟು. ಅವ್ವ ಮಧ್ಯಾಹ್ನ ಎರಡು ಗಂಟೆಗೆ, "ಇಷ್ಟೊತ್ನಲ್ಲಿ ಯಾಕ್ಲಾ ಹಲ್ಲುಜ್ಜಿದೆ? ಉಸಾರಿಲ್ವಾ?" ಎಂದು ಹಣೆ ಮುಟ್ಟಿ ನೋಡಿದಳು.

ಮುಂದಿನ ವಾರ ಬೂಕನಕೆರೆಯಲ್ಲಿದ್ದ ಸೋದರಮಾವನ ಮನೆಗೆ ಹೋದವನು, ಅವರ ಜೊತೆ ಕೆ.ಆರ್. ಪೇಟೆಗೆ ಹೊರಟೆ. ಮಾವನಿಗೆ ಕ್ಷೌರ ಆಗಬೇಕಿತ್ತು. ಕ್ಷೌರದವರು ಗಡ್ಡ ಕೆರೆದು ಮುಗಿಸಿ, ಒಂದು ತೆಳು ಹಸಿರು ನೀರನ್ನು ಅಂಗೈಗೆ ಸುರಿದುಕೊಂಡು ಮಾವನ ಎರಡೂ ಕೆನ್ನೆಗೆ ಪಟಪಟ ಬಡಿದರು. ಬೆಂಚಿನ ಮೇಲೆ ಕೂತಿದ್ದ ನನಗೆ ಮೈ ಜುಮ್ಮೆಂದಿತು. ಅದೇ ತಂಪು, ಅದೇ ನಿಂಬೆ, ಅದೇ ಒಗೆದ ಪಂಚೆ. ನಾನು ಎದ್ದು ಹೋಗಿ ಮಾವನ ಕೆನ್ನೆಯನ್ನು ಮೂಸಿದೆ.

"ಏನ್ಲಾ ಇದು?" ಎಂದರು ಮಾವ.

"ಏನಿಲ್ಲ ಮಾವ, ನೀನು ಚೆಂದಾಗಿ ಕಾಣ್ತಾ ಇದ್ದೀಯ."

ಆ ಲೋಷನ್ನಿನ ಒಂದು ಬಾಟಲಿ ಬೇಕೆಂದಾಗ ಕ್ಷೌರದವರು ನನ್ನ ನುಣ್ಣನೆಯ ಗಲ್ಲವನ್ನು ನೋಡಿ ನಕ್ಕು, "ಮೊದ್ಲು ಗಡ್ಡ ಬರ್ಲಿ ಕನಪ್ಪ" ಎಂದರು. ಕೊಟ್ಟರು ಅನ್ನಿ. ಸಂತೋಷ ಮಾತ್ರ ಹೆಚ್ಚು ಹೊತ್ತು ಉಳಿಯಲಿಲ್ಲ. ಬಸ್ಸು ಬೂಕನಕೆರೆ ಮುಟ್ಟುವುದರೊಳಗೆ ಮಾವನ ಕೆನ್ನೆಯ ವಾಸನೆ ಪೂರ್ತಿ ಇಳಿದುಹೋಗಿತ್ತು. ಭಾವ ಈ ಲೋಷನ್ ಹಾಕಿಕೊಂಡು ಬಿಂಡಿಗನವಿಲೆಯಲ್ಲಿ ಬಸ್ಸು ಹತ್ತಿದರೆ ನಾಗಮಂಗಲದಲ್ಲಿ ಇಳಿಯುವಾಗ ಮತ್ತೆ ಬ್ಯಾ.

ಗಟ್ಟಿ ವಾಸನೆ ಬೇಕಾದರೆ ಅತ್ತರು ನೋಡು ಎಂದು ಕಾಲೇಜಿನ ಗೆಳೆಯನೊಬ್ಬ ಹೇಳಿದ. ಶ್ರೀರಂಗಪಟ್ಟಣದಲ್ಲಿ, ಕೋಟೆಯ ಒಳಗೆ, ಒಬ್ಬ ವಯಸ್ಸಾದ ಸಾಬರು ಗಾಜಿನ ಪೆಟ್ಟಿಗೆಯಲ್ಲಿ ಅತ್ತರಿನ ಸಣ್ಣ ಬುಡ್ಡಿಗಳನ್ನು ಜೋಡಿಸಿಕೊಂಡು ಕೂರುತ್ತಿದ್ದರು. ನಾನು ಸ್ಯಾಂಪಲ್ ಬಾಟಲಿಯ ಬಿರಟೆ ತೆಗೆದು ಕೊಟ್ಟೆ. ಅವರು ಕರ್ಚೀಫನ್ನು ಹೊರಗೆ ಎಳೆಯದೆ, ಬಾಟಲಿಯ ಬಾಯಿಯನ್ನೇ ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ ಮೂಸಿದರು. ಒಂದು, ಎರಡು, ಮೂರು. ನನಗೆ ಅಪ್ಪನ ಮುಂದೆ ನಿಂತ ಹಾಗಾಯಿತು.

"ಪರ್‌ದೇಸಿ ಮಾಲು. ಪಾನಿ ಕೀ ಖುಷ್ಬೂ" ಎಂದರು. "ಇದು ನನ್ ಹತ್ರ ಇಲ್ಲ ಬೇಟಾ. ಕಾವೇರಿ ಪಕ್ಕದಲ್ಲಿ ಕೂತ್ಕೊಂಡು ನೀರಿನ ವಾಸ್ನೆ ಯಾರಿಗೆ ಮಾರ್ಲಿ?"

ನನ್ನ ಮುಖ ನೋಡಿ ಅವರಿಗೆ ಕನಿಕರ ಬಂದಿರಬೇಕು. ಕೂರಿಸಿ ಕೇಳಿದರು. ನಾನು ಎಲ್ಲವನ್ನೂ ಹೇಳಿದೆ. ನೀರು ಬೆರೆಸಿದ್ದನ್ನು ಹೇಳದೆ ಬಿಡೋಣವೆಂದುಕೊಂಡೆ, ಆದರೆ ಅವರೇ "ನೀರು ಹಾಕ್ದೆಯಾ? ಬೆಳ್ಳಗೆ ಆಯ್ತಾ?" ಎಂದು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನನ್ನ ಚೀಲದಲ್ಲಿದ್ದ ಕೆ.ಆರ್. ಪೇಟೆಯ ಲೋಷನ್ನನ್ನು ಮೂಸಿ, ಪರವಾಗಿಲ್ಲ ಎಂಬಂತೆ ತಲೆದೂಗಿ, ಅದಕ್ಕೆ ಒಂದು ಬುಡ್ಡಿಯಿಂದ ಲಾವಂಚದ ಅತ್ತರು ಎರಡು ತೊಟ್ಟು, ಇನ್ನೊಂದರಿಂದ ಯಾವುದೋ ನಿಂಬೆಯಂಥದ್ದು ಒಂದು ತೊಟ್ಟು ಬಿಟ್ಟು ಕುಲುಕಿ, ಬೆಳಕಿಗೆ ಹಿಡಿದು ನೋಡಿದರು. ತಿಳಿಯಾಗಿಯೇ ಇತ್ತು. ಕೈಯ ಹಿಂಬದಿಗೆ ಸವರಿ ನನಗೆ ಮೂಸಲು ಕೊಟ್ಟರು. ನನ್ನ ಮೂಗಿಗೆ ಅದೇ ಸಮುದ್ರ.

"ಎಲ್ರಿಗೂ ನಡೀತದೆ. ಒಂದು ಥರ ಮೂಗಿಗೆ ಮಾತ್ರ ನಡಿಯಲ್ಲ" ಎಂದರು ಸಾಬರು.

"ಯಾವ ಥರ?"

"ದಿನಾ ವಾಸ್ನೆ ನೋಡೋದೇ ಕೆಲ್ಸ ಇರ್ತದಲ್ಲ, ಅವ್ರದ್ದು."

ಭಾವ ಗುಮಾಸ್ತರು, ಅವರ ಕೆಲಸ ಫೈಲು ನೋಡುವುದು ಎಂದುಕೊಂಡು ನಾನು ಸಮಾಧಾನದಿಂದ ಬಸ್ಸು ಹತ್ತಿದೆ.

ಯುಗಾದಿಯ ಬೆಳಿಗ್ಗೆ ಅಕ್ಕ ಭಾವ ಬಂದರು. ಭಾವ ಚಪ್ಪಲಿ ಬಿಟ್ಟು ಕೈಕಾಲು ತೊಳೆದವರೇ ನೆಟ್ಟಗೆ ಗೂಡಿನ ಹತ್ತಿರ ಹೋದರು. ಬಾಟಲಿ ಎತ್ತಿ, ಎಷ್ಟಿದೆ ಎಂದು ನೋಡಿ, ಅವರ ಮುಖ ಅರಳಿತು. ಹಿಂದಿನ ರಾತ್ರಿ ಸಾಬರ ಬೆರಕೆಯನ್ನು ತುಂಬಿ ನಾನು ಅಳತೆಯನ್ನು ದೀಪಾವಳಿಯ ಮಟ್ಟಕ್ಕೆ ಸರಿಯಾಗಿ ತಂದಿಟ್ಟಿದ್ದೆ. ಅಕ್ಕ ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕಳು.

ಊಟಕ್ಕೆ ಎಲೆ ಹಾಕುವ ಮೊದಲು ಭಾವ ಹೊಸ ಷರಟು ತೊಟ್ಟು ಮಣಿಕಟ್ಟಿಗೆ ಒಂದು ಪುಸ್ ಹಾಕಿಕೊಂಡರು. ಮೂಸಿದರು. ಇನ್ನೊಮ್ಮೆ ಮೂಸಿದರು. ಹುಬ್ಬು ಕೂಡಿತು.

"ಇದೇನೋ ಬ್ಯಾರೆ ಥರ ಅದಲ್ಲ" ಎಂದು ಅಕ್ಕನ ಕಡೆ ತಿರುಗಿದರು. "ಒಂದು ತೊಟ್ಟೂ ಆಚೀಚೆ ಆಗಿಲ್ಲ ಅಂತ ಆಣೆ ಇಟ್ಟಿದ್ದೆ ನೀನು."

ಅಕ್ಕ ಒಬ್ಬಟ್ಟಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳ ನಗು ಇಳಿಯಿತು. ಈಗಲಾದರೂ ಒಪ್ಪಿಕೊಳ್ಳೋಣವೆಂದು ನಾನು ಬಾಯಿ ತೆರೆದೆ. "ಭಾವ" ಎಂಬುದಷ್ಟೇ ಹೊರಬಂತು.

ಭಾವ ನನ್ನ ಕಡೆ ನೋಡಲೂ ಇಲ್ಲ. ಅವರಿಗೆ ಥಟ್ಟನೆ ಏನೋ ಹೊಳೆದಿತ್ತು. "ನಾವ್ಯಾಕೆ ಕಿತ್ತಾಡಬೇಕು? ಮಾವ ಇಲ್ಲೇ ಅವ್ರಲ್ಲ" ಎಂದು ಬಾಟಲಿಯನ್ನು ತೆಗೆದುಕೊಂಡು ಹೋಗಿ, ಜಗಲಿಯ ಮೇಲೆ ಕೂತಿದ್ದ ಅಪ್ಪನ ಮುಂದೆ ಹಿಡಿದರು. "ಮಾವ, ನೀವೇ ಮೂಸಿ ಯೋಳ್ಬುಡಿ. ಇದ್ರಲ್ಲಿ ಏನಾರ ಬೆರಕೆ ಆಗದಾ? ನೀವು ಏನ್ ಯೋಳಿದ್ರೆ ಅದೇಯ. ನಮ್ಮ ಚಿಕ್ಕಪ್ಪನ್ನೇ ಬುಡದೇ ಇದ್ದೋರು ನೀವು."

ನನಗೆ ಸಾಬರ ಮಾತು ಆಗ ಅರ್ಥವಾಯಿತು.

ಅಪ್ಪ ಎದ್ದು ಹೋಗಿ ಕೈ ತೊಳೆದುಕೊಂಡು ಬಂದರು. ಟವೆಲಿನಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿದರು. ಡೈರಿಯಲ್ಲಿ ಮುಚ್ಚಳ ತೆಗೆಯುವ ಹಾಗೆಯೇ ಬಾಟಲಿಯ ಮೂತಿ ತಿರುಗಿಸಿ ತೆಗೆದು, ಬಗ್ಗಿ ಮೂಸಿದರು. ಒಂದು. ಎರಡು. ಮೂರು. ತೀರ್ಪು ಬರಲಿಲ್ಲ. ನಾನು ಕಂಡಂತೆ ಮೊದಲ ಸಲ ಅವರು ನಾಲ್ಕನೆಯ ಬಾರಿ ಮೂಸಿದರು. ತಲೆ ಎತ್ತಿ ಬಾಗಿಲಲ್ಲಿದ್ದ ಅಕ್ಕನನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಚೊಕ್ಕವಾಗೇ ಅದೆ" ಎಂದರು.

"ಮತ್ತೆ ವಾಸ್ನೆ ಬ್ಯಾರೆ ಆಗದಲ್ಲ ಮಾವ?"

"ಇದ್ದೂ ಇದ್ದೂ ಸಾರ ಗಟ್ಟಿ ಆ‌ಗದೆ." ಅಪ್ಪ ಒಂದು ಗಳಿಗೆ ಯೋಚಿಸಿ, ತಮಗೆ ಗೊತ್ತಿದ್ದ ಒಂದೇ ಶಾಸ್ತ್ರದ ಮೊರೆಹೋದರು. "ಫ್ಯಾಟು ಜಾಸ್ತಿ ಆಗದೆ. ಮೊದ್ಲಿಗಿಂತ ಒಳ್ಳೇದೇಯ."

ಭಾವನ ಹುಬ್ಬು ಸಡಿಲವಾಯಿತು. ಸೆಂಟಿನಲ್ಲಿ ಫ್ಯಾಟು ಇರುತ್ತದೆಯೇ ಎಂದು ಅವರು ಕೇಳಲಿಲ್ಲ, ಹೇಳಿದವರು ಅಂಥವರು. ಕತ್ತಿಗೆ ಎರಡು, ಎದೆಗೆ ಎರಡು, ಸಂತೋಷಕ್ಕೆ ಒಂದು ಪುಸ್ ಹಾಕಿಕೊಂಡು ಎಲೆಯ ಮುಂದೆ ಕೂತರು. ಪಂಕ್ತಿಯ ತುಂಬ ಕೆ.ಆರ್. ಪೇಟೆಯ ಕ್ಷೌರದಂಗಡಿಯ ವಾಸನೆ. ಅಕ್ಕ ಅವರ ಎಲೆಗೆ ಬೇಡವೆಂದರೂ ಕೇಳದೆ ನಾಲ್ಕನೆಯ ಒಬ್ಬಟ್ಟು ಬಡಿಸಿದಳು. ಅಪ್ಪ ಪಾಯಸ ಕುಡಿಯುವಾಗ ಮಾತ್ರ ಲೋಟವನ್ನು ಮೂಸದೆ ಕುಡಿದರು.

ಸಂಜೆ ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದಾಗ ಅಪ್ಪ ಬಂದು ಪಕ್ಕದಲ್ಲಿ ನಿಂತರು.

"ಕ್ಷೌರದ ಲೋಸನ್ನು. ಲಾವಂಚ. ನಿಂಬೆ" ಎಂದರು. "ಇನ್ನೇನ್ಲಾ ಆಕಿದ್ದೆ?"

"ಅಷ್ಟೇ ಅಪ್ಪ."

"ನೀನು ದೀಪಾವಳಿ ಆದ ವಾರದಿಂದ್ಲೂ ಬಳಕೊತಾ ಇದ್ದುದ್ದು ಗೊತ್ತಿತ್ತು ನಂಗೆ."

"ಮತ್ಯಾಕೆ ಬೈಲಿಲ್ಲ?"

ಅಪ್ಪ ಹಸುವಿನ ಬೆನ್ನು ಸವರಿದರು. "ನಿನ್ ಮೈಯಿಂದ ಚೆಂದಾಗಿ ವಾಸ್ನೆ ಬತ್ತಿತ್ತು ಕಣ್ಲಾ. ಡೈರಿ ಕೆಲಸಕ್ಕೆ ನಿಂತ ಮ್ಯಾಕೆ ನನ್ ಮೈಯಿಂದ ಯಾವತ್ತೂ ಅಂಗೆ ಬಂದಿಲ್ಲ. ಇವ್ನಾರ ಇರ್ಲಿ ಅಂತ ಸುಮ್ಕಾದೆ."

ನನಗೆ ಅಳು ಬಂತು. ಹುಲ್ಲಿನ ಧೂಳು ಕಣ್ಣಿಗೆ ಬಿದ್ದವನ ಹಾಗೆ ಮುಖ ಉಜ್ಜಿಕೊಂಡೆ. ಅಪ್ಪ ಅದನ್ನೂ ನೋಡದ ಹಾಗೆ ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ಆರಕ್ಕೆ ಡೈರಿಯ ಮುಂದೆ ಎಂದಿನಂತೆ ಸಾಲು. ನಾನು ದೊಡ್ಡ ಕ್ಯಾನುಗಳನ್ನು ಜೋಡಿಸುತ್ತಿದ್ದೆ. ಮೊದಲನೆಯವರು ಚೊಂಬು ಮುಂದಿಟ್ಟರು. ಅಪ್ಪ ಮುಚ್ಚಳ ತೆಗೆದರು, ಬಗ್ಗಲಿಲ್ಲ. ಚೊಂಬನ್ನು ನನ್ನ ಕಡೆ ತಳ್ಳಿದರು.

"ನೀನು ಮೂಸು" ಎಂದು ನನಗಷ್ಟೇ ಕೇಳುವಂತೆ ಹೇಳಿದರು. "ನನ್ ಮೂಗು ನೆನ್ನೆ ಸುಳ್ಳೇಳ್ಬುಡ್ತು. ಇವತ್ತು ಅದು ಇನ್ನೊಬ್ರ ಹಾಲಿಗೆ ತೀರ್ಪು ಯೋಳಂಗಿಲ್ಲ."

ನಾನು ಬಗ್ಗಿ ಮೂಸಿದೆ. ಬೆರಳ ಸಂದಿಯಲ್ಲಿದ್ದ ಲಾವಂಚ ಬಿಟ್ಟು ನನಗೆ ಇನ್ನೇನೂ ಸಿಗಲಿಲ್ಲ. "ಉಯ್ಯಿ" ಎಂದೆ. ಅಪ್ಪ ಆ ಹಾಲಿಗೆ ಲ್ಯಾಕ್ಟೋಮೀಟರು ಇಳಿಬಿಟ್ಟು, ಕಣ್ಣು ಕಿರಿದು ಮಾಡಿ ಗೆರೆ ನೋಡತೊಡಗಿದರು. ಅವರು ಅದನ್ನು ನಿಜವಾಗಿ ಓದುತ್ತಿದ್ದುದನ್ನು ನಾನು ಕಂಡದ್ದು ಅದೇ ಮೊದಲು.

ಸಾಲಿನಲ್ಲಿದ್ದವರಿಗೆ ಇದು ವಿಚಿತ್ರವಾಗಿ ಕಂಡಿರಬೇಕು. "ಯಾಕಣ್ಣ, ಇವತ್ತು ನೀನು ಮೂಸಕ್ಕಿಲ್ವಾ?" ಎಂದು ಯಾರೋ ಕೇಳಿದರು.

ಅಪ್ಪ ನನ್ನ ಕಡೆ ನೋಡಲಿಲ್ಲ. "ನೆಗಡಿ ಕಣ್ಲಾ" ಎಂದರು.

ಅಪ್ಪನಿಗೆ ನೆಗಡಿ ಆಗಿರಲಿಲ್ಲ.